ಮೂರು ಬಸ್ಸು ಒಟ್ಟಿಗೇ ಬರುವುದೇಕೆ, ಬಸ್ಸಿನೊಳಗೆ ನಾವು ಹೇಗಿರಬೇಕು?

ಪ್ರಶ್ನೆ: ಆರು ತಿಂಗಳ ಹಿಂದೆ ಸ್ಕೂಟರ್ ಮನೆಯಲ್ಲಿಟ್ಟು ಬಸ್ಸಿನಲ್ಲಿ ಓಡಾಡಲು ಶುರುಮಾಡಿದೆ. ದಿನವೂ ಬನಶಂಕರಿಯಿಂದ ಮಾರತ್ತಹಳ್ಳಿಗೆ ಹೊರವರ್ತುಲ ರಸ್ತೆಯ 500 ಸರಣಿಯ ಬಸ್ಸುಗಳಲ್ಲಿ ಹೋಗಿಬರುತ್ತೇನೆ. ಕೆಲವು ದಿನ ಅರ್ಧ ಗಂಟೆ ಕಾದರೂ ಒಂದು ಬಸ್ಸೂ ಇರುವುದಿಲ್ಲ, ಆಮೇಲೆ ಒಂದರ ಬೆನ್ನಿಗೊಂದು ಮೂರು ಬರುತ್ತವೆ. ಬಾಗಿಲ ಬಳಿ ನಿಂತವರು ಒಳಗೆ ಜರುಗುವುದಿಲ್ಲ, ಬೆನ್ನಿನ ಬ್ಯಾಗು ಮುಖಕ್ಕೆ ತಾಗುತ್ತದೆ, ಯಾರೋ ಮೊಬೈಲಿನಲ್ಲಿ ಜೋರಾಗಿ ವಿಡಿಯೊ ಹಾಕಿಕೊಂಡಿರುತ್ತಾರೆ. ಚಿಲ್ಲರೆಗಾಗಿ ನಿರ್ವಾಹಕರೊಂದಿಗೆ ಮಾತಿಗೆ ಮಾತು ಬೆಳೆಯುತ್ತದೆ. ಮಹಿಳೆಯರ ಸೀಟು ಖಾಲಿ ಇದ್ದಾಗ ಗಂಡಸರು ಕೂರುವುದು ತಪ್ಪೇ? ಸೀಟು ಯಾರಿಗೆ ಬಿಡಬೇಕು, ಹೇಗೆ ಕೇಳಬೇಕು? ಹೀಗೆಯೇ ಮುಂದುವರಿಯಬೇಕೋ ಮತ್ತೆ ಸ್ಕೂಟರ್ ತೆಗೆಯಬೇಕೋ ತಿಳಿಯದಾಗಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಬಸ್ಸಿನ ಸಮಯದ ಬಗ್ಗೆ ಒಂದು ಪ್ರಶ್ನೆಯೂ ಬಸ್ಸಿನೊಳಗಿನ ನಡವಳಿಕೆಯ ಬಗ್ಗೆ ನಾಲ್ಕೈದು ಪ್ರಶ್ನೆಗಳೂ ಇವೆ, ಮತ್ತು ನೀವು ಅವನ್ನು ಬೇರೆ ಬೇರೆ ಸಂಗತಿಗಳೆಂದು ಭಾವಿಸಿ ಬರೆದಿದ್ದೀರಿ. ನಗರ ಸಾರಿಗೆಯಲ್ಲಿ ಮೊದಲು ನಿರ್ವಾಹಕನಾಗಿ, ಅನಂತರ ನಿಲ್ದಾಣದಿಂದ ಬಸ್ಸುಗಳನ್ನು ಹೊರಡಿಸುವ ಸಂಚಾರ ನಿಯಂತ್ರಕನಾಗಿ ಇಪ್ಪತ್ತೆಂಟು ವರ್ಷ ಕಳೆದ ನನಗೆ ಅವೆಲ್ಲವೂ ಒಂದೇ ಪ್ರಶ್ನೆಯ ಭಾಗಗಳಾಗಿ ಕಾಣುತ್ತವೆ. ಬಸ್ಸಿನ ಸಮಯ ಕೆಡುವುದು ಅರ್ಧ ರಸ್ತೆಯಲ್ಲಾದರೆ ಇನ್ನರ್ಧ ಬಸ್ಸಿನ ಬಾಗಿಲಲ್ಲಿ. ನೀವು ಬಾಗಿಲ ಬಳಿ ಹೇಗೆ ನಿಂತಿರಿ, ಬ್ಯಾಗನ್ನು ಎಲ್ಲಿಟ್ಟಿರಿ, ದುಡ್ಡನ್ನು ಯಾವಾಗ ತೆಗೆದಿರಿ ಎಂಬುದರ ಮೇಲೆ ಮುಂದಿನ ನಿಲ್ದಾಣದಲ್ಲಿ ಕಾಯುತ್ತಿರುವ, ನೀವು ಎಂದೂ ನೋಡದ ಒಬ್ಬರ ಸಮಯ ನಿಂತಿರುತ್ತದೆ. ಆದ್ದರಿಂದ ಬಸ್ಸಿನೊಳಗಿನ ಶಿಷ್ಟಾಚಾರವನ್ನು ನಾನು ಬರಿಯ ಸೌಜನ್ಯವೆಂದು ಎಣಿಸುವುದಿಲ್ಲ, ಅದು ವೇಳಾಪಟ್ಟಿಯ ಭಾಗವೇ ಆಗಿದೆ.

ಮೊದಲು ಮೂರು ಬಸ್ಸು ಒಟ್ಟಿಗೆ ಬರುವ ವಿಷಯ. ಚಾಲಕರು ಎಲ್ಲೋ ಟೀ ಕುಡಿಯುತ್ತಾ ಕುಳಿತು ಆಮೇಲೆ ಜೊತೆಯಾಗಿ ಹೊರಡುತ್ತಾರೆ ಎಂದು ಬಹಳ ಜನ ನಂಬಿದ್ದಾರೆ. ಹಾಗೆ ಎಂದೂ ಆಗುವುದಿಲ್ಲ ಎಂದು ನಾನು ಹೇಳಲಾರೆ, ಆದರೆ ಗಡಿಯಾರ ನೋಡಿ ಸರಿಯಾದ ಅಂತರದಲ್ಲಿ ಬಿಟ್ಟ ಬಸ್ಸುಗಳು ಕೂಡ ದಾರಿಯಲ್ಲಿ ತಾವಾಗಿಯೇ ಸೇರಿಕೊಳ್ಳುವುದನ್ನು ನನ್ನ ಕೆಲಸದ ದಿನಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಬನಶಂಕರಿಯಿಂದ ಹತ್ತು ನಿಮಿಷಕ್ಕೊಂದರಂತೆ ಬಸ್ಸು ಬಿಟ್ಟೆವು ಎಂದಿಟ್ಟುಕೊಳ್ಳಿ. ಮೊದಲು ಹೊರಟ ಬಸ್ಸು ಜಯದೇವ ಆಸ್ಪತ್ರೆಯ ಬಳಿ ವಾಹನ ದಟ್ಟಣೆಯಲ್ಲಿ ಸಿಕ್ಕಿ ಮೂರು ನಿಮಿಷ ತಡವಾಯಿತು. ಆ ಮೂರು ನಿಮಿಷದಲ್ಲಿ ಬಿಟಿಎಂ ಬಡಾವಣೆಯ ನಿಲ್ದಾಣಕ್ಕೆ ಇನ್ನಷ್ಟು ಜನ ಬಂದು ಸೇರಿರುತ್ತಾರೆ, ಅವರನ್ನೆಲ್ಲ ಹತ್ತಿಸಿಕೊಳ್ಳಲು ಬಸ್ಸು ಇನ್ನೂ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ಹತ್ತಿದವರೆಲ್ಲ ಮುಂದೆ ಒಂದೊಂದು ನಿಲ್ದಾಣದಲ್ಲಿ ಇಳಿಯಲೇಬೇಕಾದ್ದರಿಂದ ಅಲ್ಲೂ ಹೊತ್ತು ಹಿಡಿಯುತ್ತದೆ. ಹಿಂದಿನ ಬಸ್ಸಿನ ಪಾಡು ಇದಕ್ಕೆ ತದ್ವಿರುದ್ಧ. ಅದಕ್ಕೆ ಸಿಗಬೇಕಾದ ಜನರನ್ನು ಮುಂದಿನ ಬಸ್ಸು ಆಗಲೇ ಬಾಚಿಕೊಂಡು ಹೋಗಿರುವುದರಿಂದ ಅದು ನಿಲ್ದಾಣದಲ್ಲಿ ಗಳಿಗೆ ನಿಂತು ಸರಸರನೆ ಹೊರಡುತ್ತದೆ. ತಡವಾದದ್ದು ಇನ್ನಷ್ಟು ತಡವಾಗುತ್ತದೆ, ಬೇಗ ಬಂದದ್ದು ಇನ್ನಷ್ಟು ಬೇಗ ಬರುತ್ತದೆ, ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಎರಡೂ ಒಂದರ ಬಾಲ ಒಂದು ಹಿಡಿದಿರುತ್ತವೆ, ಇಬ್ಬಲೂರಿನ ಹೊತ್ತಿಗೆ ಮೂರನೆಯದೂ ಬಂದು ಸೇರುತ್ತದೆ. ಸಾರಿಗೆ ಯೋಜಕರು ಇದನ್ನು ಬಂಚಿಂಗ್ ಎನ್ನುತ್ತಾರೆ, ಜಗತ್ತಿನ ಯಾವ ದೊಡ್ಡ ನಗರವೂ ಇದರಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ.

ನೀವು ನಿಲ್ದಾಣಕ್ಕೆ ಬಂದಾಗಲೆಲ್ಲ ಬಸ್ಸು ತಡವೇ ಆಗಿರುತ್ತದೆ ಎಂದು ಅನಿಸುವುದೂ ಭ್ರಮೆಯಲ್ಲ, ಅದಕ್ಕೊಂದು ಲೆಕ್ಕವಿದೆ. ಇಪ್ಪತ್ತು ನಿಮಿಷಕ್ಕೆ ಎರಡು ಬಸ್ಸು ಸರಿಯಾಗಿ ಹತ್ತು ನಿಮಿಷದ ಅಂತರದಲ್ಲಿ ಬಂದರೆ ಪ್ರಯಾಣಿಕರು ಸರಾಸರಿ ಐದು ನಿಮಿಷ ಕಾಯುತ್ತಾರೆ. ಅವೇ ಎರಡು ಬಸ್ಸು ಎರಡು ನಿಮಿಷದ ಅಂತರದಲ್ಲಿ ಜೋಡಿಯಾಗಿ ಬಂದು ಆಮೇಲೆ ಹದಿನೆಂಟು ನಿಮಿಷ ಏನೂ ಬರದಿದ್ದರೆ, ನೂರಕ್ಕೆ ತೊಂಬತ್ತು ಮಂದಿ ಆ ಹದಿನೆಂಟು ನಿಮಿಷದ ಖಾಲಿ ಹೊತ್ತಿನಲ್ಲೇ ನಿಲ್ದಾಣಕ್ಕೆ ಬಂದಿರುತ್ತಾರೆ, ಸರಾಸರಿ ಕಾಯುವಿಕೆ ಎಂಟು ನಿಮಿಷ ದಾಟುತ್ತದೆ. ಸಂಸ್ಥೆಯ ದಾಖಲೆಯಲ್ಲಿ ಬಸ್ಸುಗಳ ಸಂಖ್ಯೆ ಒಂದೂ ಕಡಿಮೆಯಾಗಿರುವುದಿಲ್ಲ, ಆದರೂ ನಿಮ್ಮ ಪಾಲಿಗೆ ಕಾಯುವ ಸಮಯ ಮೊದಲಿಗಿಂತ ಅರ್ಧಕ್ಕೂ ಹೆಚ್ಚು ಏರಿರುತ್ತದೆ. ಬಸ್ಸುಗಳ ಸಂಖ್ಯೆಯನ್ನು ಮಾತ್ರ ಎಣಿಸಿ ಸೇವೆ ಚೆನ್ನಾಗಿದೆ ಎನ್ನುವವರಿಗೆ ನಾನು ಈ ಲೆಕ್ಕವನ್ನು ಮತ್ತೆ ಮತ್ತೆ ಹೇಳುತ್ತಾ ಬಂದಿದ್ದೇನೆ. ಬೆಂಗಳೂರಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಬಿಎಂಟಿಸಿ ಬಸ್ಸುಗಳಿವೆ, ದಿನಕ್ಕೆ ಸುಮಾರು 40 ಲಕ್ಷ ಜನ ಅವುಗಳಲ್ಲಿ ಓಡಾಡುತ್ತಾರೆ. ಇಷ್ಟು ದೊಡ್ಡ ಊರಿಗೆ ಈ ಸಂಖ್ಯೆ ಸಾಲದು ಎಂಬುದು ನಿಜ, ಆದರೆ ಇರುವ ಬಸ್ಸುಗಳ ನಡುವಿನ ಅಂತರವನ್ನು ಕಾಪಾಡುವುದು ಬಸ್ಸು ಹೆಚ್ಚಿಸುವಷ್ಟೇ ಮುಖ್ಯವಾದ ಕೆಲಸ.

ಇದರಲ್ಲಿ ರಸ್ತೆಯ ಪಾಲನ್ನೂ ಹೇಳಬೇಕು. 2019ರ ಅಕ್ಟೋಬರಿನಲ್ಲಿ ನಿಮ್ಮ ಇದೇ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರದ ಕಡೆಗೆ, ಬಸ್ಸಿಗೆಂದೇ ಒಂದು ಪಥವನ್ನು ಬೇರೆ ಮಾಡಿ ಬದಿಗೆ ಗೂಟಗಳನ್ನು ನೆಟ್ಟಿದ್ದರು. ಕಾರುಗಳು ಅದಕ್ಕೆ ನುಗ್ಗದ ದಿನಗಳಲ್ಲಿ ಬಸ್ಸುಗಳು ಅಂತರ ಕಾಯ್ದುಕೊಂಡು ಬರುವುದನ್ನು ನೋಡಿ ನಮ್ಮ ಚಾಲಕರು ಪಟ್ಟ ಸಂತೋಷವನ್ನು ನಾನು ಮರೆತಿಲ್ಲ. ಕೊರೊನಾ ಕಾಲ ಬಂತು, ಮೆಟ್ರೊ ಕಾಮಗಾರಿ ಬಂತು, ಆ ಪಥ ಅಳಿಸಿಹೋಯಿತು. ಅದು ಮತ್ತೆ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಹಾಗಾದರೆ ಪ್ರಯಾಣಿಕರು ಮಾಡಬಹುದಾದದ್ದು ಏನು? ಎರಡು ಬಸ್ಸು ಜೋಡಿಯಾಗಿ ಬಂದಾಗ ಮೊದಲನೆಯದಕ್ಕೆ ಮುಗಿಬೀಳದೆ ಎರಡನೆಯದನ್ನು ಹತ್ತುವುದು. ಮೊದಲನೆಯದು ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ತುಂಬಿರುತ್ತದೆ, ಹಿಂದಿನದರಲ್ಲಿ ಕೂರಲು ಸೀಟೇ ಸಿಗಬಹುದು. ನಿರ್ವಾಹಕರು "ಹಿಂದೆ ಗಾಡಿ ಖಾಲಿ ಬರ್ತಿದೆ, ಅದಕ್ಕೆ ಬನ್ನಿ" ಎಂದು ಕೂಗುವುದು ನಿಮ್ಮನ್ನು ಸಾಗಹಾಕಲು ಅಲ್ಲ. ಆದರೆ ಜನ ಆ ಮಾತನ್ನು ನಂಬುವುದಿಲ್ಲ, ಅದಕ್ಕೂ ಕಾರಣವಿದೆ, ಏಕೆಂದರೆ ಹಿಂದೆ ಬರುತ್ತದೆಂದ ಬಸ್ಸು ಬಾರದೇ ಹೋದ ಅನುಭವ ಪ್ರತಿಯೊಬ್ಬರಿಗೂ ಆಗಿದೆ. 2023ರಲ್ಲಿ ಬಂದ 'ನಮ್ಮ ಬಿಎಂಟಿಸಿ' ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆ ಎಂಬುದನ್ನು ನೋಡಬಹುದು. ಅದು ಪ್ರತಿ ಸಲವೂ ನಿಖರವಾಗಿರುತ್ತದೆ ಎಂದು ಭರವಸೆ ಕೊಡಲಾರೆ, ಆದರೆ ಹಿಂದಿನ ಬಸ್ಸು ಒಂದು ನಿಲ್ದಾಣ ದೂರದಲ್ಲಿದೆ ಎಂದು ಅದರಲ್ಲಿ ಕಂಡರೆ ಎರಡು ನಿಮಿಷ ನಿಲ್ಲುವುದು ಜಾಣತನ. ಹಾಗೆ ನಿಂತ ಹತ್ತು ಜನ ಮೊದಲ ಬಸ್ಸನ್ನು ಬೇಗ ಹೊರಡಲು ಬಿಟ್ಟು, ಎರಡರ ನಡುವೆ ಮತ್ತೆ ಅಂತರ ಬೆಳೆಯಲು ಅವಕಾಶ ಮಾಡಿಕೊಡುತ್ತಾರೆ.

ಇನ್ನು ಬಾಗಿಲು. ಒಂದು ನಿಲ್ದಾಣದಲ್ಲಿ ಒಂದು ಬಾಗಿಲಿನಿಂದ ಹತ್ತು ಜನ ಹತ್ತಿ ಇಳಿಯುತ್ತಾರೆ ಎನ್ನಿ. ಬಾಗಿಲಲ್ಲಿ ಇಬ್ಬರು ಕಂಬ ಹಿಡಿದು ನಿಂತು ದಾರಿ ಕಿರಿದಾದರೆ ಒಬ್ಬೊಬ್ಬರಿಗೂ ಎರಡು ಸೆಕೆಂಡು ಹೆಚ್ಚು ಬೇಕಾಗುತ್ತದೆ, ಅಲ್ಲಿಗೆ ಇಪ್ಪತ್ತು ಸೆಕೆಂಡು. ಹದಿನೈದು ನಿಲ್ದಾಣಕ್ಕೆ ಇದು ಐದು ನಿಮಿಷವಾಗುತ್ತದೆ. ಹತ್ತು ನಿಮಿಷದ ಅಂತರದಲ್ಲಿ ಹೊರಟ ಬಸ್ಸಿಗೆ ಐದು ನಿಮಿಷವೆಂದರೆ ಅರ್ಧ ಅಂತರ. ಯಾವ ಸಿಗ್ನಲ್ಲೂ ಇಲ್ಲದೆ, ಯಾವ ದಟ್ಟಣೆಯೂ ಇಲ್ಲದೆ, ಬರೀ ಬಾಗಿಲಲ್ಲಿ ನಿಂತ ಇಬ್ಬರಿಂದ ಎರಡು ಬಸ್ಸು ಜೋಡಿಯಾಗಲು ಇಷ್ಟು ಸಾಕು. ಅವರು ಕೆಟ್ಟವರೇನಲ್ಲ. ಒಳಗೆ ಹೋದರೆ ತಮ್ಮ ನಿಲ್ದಾಣದಲ್ಲಿ ಇಳಿಯಲಾಗದು ಎಂಬ ಭಯವೇ ಅವರನ್ನು ಅಲ್ಲಿ ನಿಲ್ಲಿಸಿರುತ್ತದೆ, ಬಾಗಿಲು ಬಿಗಿದಿರುವುದರಿಂದಲೇ ಆ ಭಯ ನಿಜವೂ ಆಗುತ್ತದೆ.

ಈ ಗಂಟನ್ನು ಚೆನ್ನಾಗಿ ಬಿಡಿಸಿದವರನ್ನು ನಾನು ನೋಡಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಆಗ ನಗರ ಸಾರಿಗೆಗೆ ಇನ್ನೂ ಬಿಟಿಎಸ್ (ಬೆಂಗಳೂರು ಸಾರಿಗೆ ಸೇವೆ) ಎಂಬ ಹೆಸರಿತ್ತು, ಬಿಎಂಟಿಸಿ ಬೇರೆಯಾದದ್ದು 1997ರ ಆಗಸ್ಟ್ 15ರಂದು. ಕೆ.ಆರ್. ಮಾರುಕಟ್ಟೆಯಿಂದ ಬೆಳಗಿನ ಜಾವ ಹೊರಡುವ ಟ್ರಿಪ್ಪಿನಲ್ಲಿ ಹೂವು ಕೊಂಡುಕೊಂಡು ಬಡಾವಣೆಗಳಿಗೆ ಮಾರಲು ಹೋಗುವ ಹೆಂಗಸರು ಹತ್ತು ಹನ್ನೆರಡು ಮಂದಿ ಹತ್ತುತ್ತಿದ್ದರು. ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿದ ಸೇವಂತಿಗೆ, ಕನಕಾಂಬರದ ಗಂಟುಗಳು ಅವರ ಸೊಂಟದ ಮೇಲಿರುತ್ತಿದ್ದವು, ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರಿಗಿಂತ ದೂರ ಹೋಗುವವಳು ಮೊದಲು ಹತ್ತಿ ನೇರವಾಗಿ ಒಳಕ್ಕೆ ಹೋಗುತ್ತಿದ್ದಳು, ಮೊದಲು ಇಳಿಯುವವಳು ಕೊನೆಗೆ ಹತ್ತಿ ಬಾಗಿಲ ಹತ್ತಿರ ಇರುತ್ತಿದ್ದಳು. ಗಂಟು ಸೀಟಿನ ಕೆಳಗೆ, ನಾಣ್ಯ ಅಂಗೈಯಲ್ಲಿ, ಸೆರಗಿನ ಗಂಟು ಬಿಚ್ಚುವ ಕೆಲಸ ನಿಲ್ದಾಣದಲ್ಲೇ ಮುಗಿದಿರುತ್ತಿತ್ತು. ಅಷ್ಟು ಸಾಮಾನು ಹೊತ್ತ ಅಷ್ಟು ಜನ ಹತ್ತಿ ಮುಗಿಸಿ ನಾನು "ರೈಟ್" ಎನ್ನಲು ಚಾಲಕರು ಗೇರ್ ಹಾಕುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ. ಯಾರೂ ಅವರಿಗೆ ಕಲಿಸಿದ್ದಲ್ಲ, ದಿನವೂ ಒಂದೇ ಬಸ್ಸಿನಲ್ಲಿ ಹೋಗುವವರು ತಮ್ಮ ತಮ್ಮಲ್ಲೇ ಮಾಡಿಕೊಂಡ ಕ್ರಮ.

ನೀವೂ ಅದನ್ನೇ ಮಾಡಬಹುದು. ಮಾರತ್ತಹಳ್ಳಿಗೆ ಹೋಗುವ ನೀವು ಬನಶಂಕರಿಯಲ್ಲಿ ಹತ್ತಿದ ಕೂಡಲೇ ಒಳಕ್ಕೆ ಹೋಗಿ, ಕಾಡುಬೀಸನಹಳ್ಳಿ ಬರುವಾಗ, ಅಂದರೆ ಒಂದು ನಿಲ್ದಾಣ ಮೊದಲೇ, "ಇಳಿಯೋರಿದ್ದೀರಾ?" ಎಂದು ಮುಂದಿನವರನ್ನು ಕೇಳುತ್ತಾ ಬಾಗಿಲ ಕಡೆಗೆ ಬನ್ನಿ. ಈ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. "ಜರುಗಿ" ಎಂದರೆ ಆಜ್ಞೆಯಾಗುತ್ತದೆ, "ಇಳಿಯೋರಿದ್ದೀರಾ?" ಎಂದರೆ ಇಳಿಯದವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಾರೆ, ಇಳಿಯುವವರು ನಿಮಗೆ ಮುಂದಾಗಿ ದಾರಿ ಮಾಡುತ್ತಾರೆ. ಬಾಗಿಲಲ್ಲೇ ನಿಲ್ಲದೆ ಬೇರೆ ದಾರಿಯಿಲ್ಲದಷ್ಟು ನೂಕುನುಗ್ಗಲು ಇದ್ದರೆ, ನಿಲ್ದಾಣ ಬಂದಾಗ ಕೆಳಗಿಳಿದು ನಿಂತು, ಇಳಿಯುವವರನ್ನು ಬಿಟ್ಟು ಮತ್ತೆ ಹತ್ತಿ. ಹೀಗೆ ಇಳಿದು ನಿಂತವರನ್ನು ಬಿಟ್ಟು ಹೋಗುವ ನಿರ್ವಾಹಕರನ್ನು ನಾನು ಕಂಡಿಲ್ಲ.

ಬ್ಯಾಗಿನ ವಿಷಯ ಸರಳವಾದದ್ದು. ಬೆನ್ನ ಮೇಲಿನ ಲ್ಯಾಪ್‌ಟಾಪ್ ಬ್ಯಾಗು ನಿಂತ ಒಬ್ಬರ ಜಾಗವನ್ನು ತಿನ್ನುತ್ತದೆ, ಅದೂ ಹೊತ್ತವರಿಗೆ ಕಾಣದ ಕಡೆಯಲ್ಲಿ. ಅದನ್ನು ಎದೆಯ ಮೇಲೆ ಹಾಕಿಕೊಳ್ಳಿ ಅಥವಾ ಕಾಲುಗಳ ನಡುವೆ ಇಡಿ. ನಿಮ್ಮ ಮುಂದೆ ಕುಳಿತವರು "ಕೊಡಿ ಇಲ್ಲಿ" ಎಂದು ಕೈಚಾಚಿದರೆ ಸಂಕೋಚವಿಲ್ಲದೆ ಕೊಡಿ. ನಿಂತವರ ಬ್ಯಾಗು, ಊಟದ ಡಬ್ಬಿ, ಕೆಲವೊಮ್ಮೆ ಮಗುವನ್ನೇ ಅಪರಿಚಿತರು ತೊಡೆಯ ಮೇಲಿಟ್ಟುಕೊಳ್ಳುವುದು ನಮ್ಮ ಬಸ್ಸುಗಳ ಹಳೆಯ ರೂಢಿ, ಅದು ಕಡಿಮೆಯಾಗುತ್ತಿರುವುದು ನನಗೆ ನೋವಿನ ಸಂಗತಿ.

ಬಸ್ಸು ನಿಲ್ದಾಣದಿಂದ ಮುಂದೆ ಹೋಗಿ ನಡುರಸ್ತೆಯಲ್ಲಿ ನಿಲ್ಲುವುದಕ್ಕೆ ನಿಲ್ದಾಣದ ಮುಂದಿನ ಆಟೊಗಳು ಒಂದು ಕಾರಣ, ರಸ್ತೆಗಿಳಿದು ನಿಂತ ನಾವು ಇನ್ನೊಂದು ಕಾರಣ. ಹತ್ತು ಜನ ರಸ್ತೆಗಿಳಿದರೆ ಚಾಲಕರು ಅವರನ್ನು ಬಳಸಿಕೊಂಡು ಎರಡನೆಯ ಪಥದಲ್ಲಿ ನಿಲ್ಲಿಸಬೇಕಾಗುತ್ತದೆ. ಆಗ ಓಡಬಲ್ಲವರು ಹತ್ತುತ್ತಾರೆ, ಮಂಡಿನೋವಿನವರು ಉಳಿದುಬಿಡುತ್ತಾರೆ.

ಮಹಿಳೆಯರ ಸೀಟಿನ ಬಗ್ಗೆ ನೀವು ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಮೀಸಲು ಸೀಟಿನಲ್ಲಿ ಕುಳಿತ ಪುರುಷರಿಗೆ ಮೋಟಾರು ವಾಹನ ಕಾಯ್ದೆಯಡಿ ದಂಡ ಹಾಕುವ ಅಧಿಕಾರ ತನಿಖಾ ತಂಡಕ್ಕಿದೆ, ಹಾಕುತ್ತಲೂ ಇದ್ದಾರೆ. ರೂಢಿಯಲ್ಲಿ, ಬಸ್ಸಿನಲ್ಲಿ ನಿಂತ ಮಹಿಳೆಯರು ಯಾರೂ ಇಲ್ಲದಾಗ ಗಂಡಸರು ಅಲ್ಲಿ ಕೂರುವುದುಂಟು, ನಿರ್ವಾಹಕರು ಆಕ್ಷೇಪಿಸುವುದಿಲ್ಲ. ಹಾಗೆ ಕುಳಿತರೆ ಪ್ರತಿ ನಿಲ್ದಾಣದಲ್ಲೂ ಬಾಗಿಲ ಕಡೆ ನೋಡುತ್ತಿರುವುದು ಕುಳಿತವರ ಹೊಣೆ. ಮಹಿಳೆಯೊಬ್ಬರು ಬಂದು ಕೇಳುವವರೆಗೆ ಕಿಟಕಿಯ ಹೊರಗೆ ನೋಡುತ್ತಾ ಕೂರುವುದು, ಕೇಳಿದ ಮೇಲೆ ಮುಖ ಸಿಂಡರಿಸಿ ಏಳುವುದು ತಪ್ಪು. ಇಷ್ಟು ಗಮನ ಕೊಡಲು ಆಗದೆಂದರೆ ಅಲ್ಲಿ ಕೂರದಿರುವುದೇ ಒಳ್ಳೆಯದು. ಇನ್ನೊಂದು ಮಾತು: ಉಳಿದ ಸೀಟುಗಳು ಗಂಡಸರ ಸೀಟುಗಳಲ್ಲ, ಎಲ್ಲರ ಸೀಟುಗಳು. ಮಹಿಳೆಯೊಬ್ಬರು ಹಿಂದಿನ ಸೀಟಿನಲ್ಲಿ ಕುಳಿತರೆ "ನಿಮಗೆ ಮುಂದೆ ಇದೆಯಲ್ಲ" ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ಮಾತಿನ ಕಹಿ ಹೆಚ್ಚಾಗಿದೆ. "ಫ್ರೀಯಾಗಿ ಬರ್ತಾರೆ, ಸೀಟೂ ಬೇಕು" ಎಂಬುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಮಹಿಳೆಯರ ಶೂನ್ಯ ಟಿಕೆಟ್ ಕೂಡ ಟಿಕೆಟ್ಟೇ. ಅದರ ಮೊತ್ತವನ್ನು ಸರ್ಕಾರ ಸಾರಿಗೆ ಸಂಸ್ಥೆಗೆ ತುಂಬಿಕೊಡಬೇಕಾಗಿರುವುದರಿಂದ ಅವರು ನಿಮ್ಮಷ್ಟೇ ಹಕ್ಕಿನ ಪ್ರಯಾಣಿಕರು. ಯೋಜನೆ ಬೇಕೋ ಬೇಡವೋ ಎಂಬ ಚರ್ಚೆಯನ್ನು ವಿಧಾನಸೌಧದ ಮುಂದೆ ಮಾಡಬಹುದು, ಗಾರ್ಮೆಂಟ್ಸ್ ಕೆಲಸ ಮುಗಿಸಿ ಎಂಟು ಗಂಟೆ ನಿಂತ ಕಾಲಿನಲ್ಲಿ ಬಸ್ಸು ಹತ್ತಿದವರ ಮುಂದೆ ಮಾಡಬಾರದು. ಮಹಿಳೆಯರಿಗೂ ಒಂದು ವಿನಂತಿ: ಶೂನ್ಯ ಟಿಕೆಟನ್ನು ಕೇಳಿ ಪಡೆಯಿರಿ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದಿರಿ. ಟಿಕೆಟ್ ಇಲ್ಲದ ಪ್ರಯಾಣಿಕರು ತಪಾಸಣೆಯಲ್ಲಿ ಸಿಕ್ಕರೆ ನಿರ್ವಾಹಕರ ಮೇಲೂ ಕೇಸಾಗುತ್ತದೆ.

ಸೀಟು ಬಿಡುವುದು ಒಂದು, ಸೀಟು ಕೇಳುವುದು ಇನ್ನೊಂದು. ನಿರ್ವಾಹಕನಾಗಿದ್ದಾಗ ನಾನೊಂದು ತಪ್ಪು ಮಾಡಿದೆ. ತುಂಬು ಬಸುರಿಯೊಬ್ಬರು ಕಂಬ ಹಿಡಿದು ನಿಂತಿದ್ದನ್ನು ನೋಡಿ, ಇಡೀ ಬಸ್ಸಿಗೆ ಕೇಳುವಂತೆ, "ಬಸುರಿ ಹೆಂಗಸು ನಿಂತಿದ್ದಾರೆ, ಯಾರಾದರೂ ಎದ್ದೇಳ್ರೀ" ಎಂದು ಕೂಗಿದೆ. ಮೂರು ಜನ ಎದ್ದರು. ಆದರೆ ಬಸ್ಸಿನ ಕಣ್ಣೆಲ್ಲ ತನ್ನ ಮೇಲೆ ಬಿದ್ದಿದ್ದಕ್ಕೆ ಆಕೆ ತಲೆ ತಗ್ಗಿಸಿ, ಕೂರದೆ, ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟರು. ಅದು ಅವರ ನಿಲ್ದಾಣವಾಗಿರಲಿಲ್ಲ, ಅವರು ಕೊಂಡ ಟಿಕೆಟು ಇನ್ನೂ ಮೂರು ಸ್ಟೇಜ್, ಅಂದರೆ ದರ ಬದಲಾಗುವ ಮೂರು ಹಂತ, ಮುಂದಕ್ಕಿತ್ತು. ಅಂದಿನಿಂದ ನಾನು ಹತ್ತಿರ ಕುಳಿತ ಒಬ್ಬರ ಬಳಿ ಬಾಗಿ, "ಅಣ್ಣಾ, ಅವರಿಗೆ ಸ್ವಲ್ಪ ಜಾಗ ಕೊಡ್ತೀರಾ?" ಎಂದು ಮೆಲ್ಲಗೆ ಕೇಳುವುದನ್ನು ಕಲಿತೆ. ಹೀಗೆ ಒಬ್ಬರನ್ನು ಕೇಳಿದರೆ ಅವರು ಏಳದಿರುವುದು ಅಪರೂಪ, ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಪ್ರತಿಯೊಬ್ಬರೂ ಪಕ್ಕದವರನ್ನು ನೋಡುತ್ತಾರೆ. ನೀವಾಗಿ ಏಳುವಾಗಲೂ "ಕೂತ್ಕೊಳ್ಳಿ" ಎಂದು ಒಂದು ಮಾತು ಹೇಳಿ ಏಳಿ, ಇಲ್ಲದಿದ್ದರೆ ನೀವು ಇಳಿಯುತ್ತೀರೆಂದು ಇನ್ಯಾರೋ ಕುಳಿತುಬಿಡುತ್ತಾರೆ. ನಿಮ್ಮ ಪತ್ರದಲ್ಲಿಲ್ಲದ ಒಂದು ಸಂಗತಿಯನ್ನು ಸೇರಿಸುತ್ತೇನೆ. ನಿಲ್ದಾಣದಲ್ಲಿ ಬಿಳಿಕೋಲು ಹಿಡಿದವರು "ಯಾವ ಬಸ್ಸು ಬಂತು?" ಎಂದರೆ ನಂಬರ್ ಹೇಳಿ ನಿಮ್ಮ ಪಾಡಿಗೆ ಹತ್ತಿಕೊಳ್ಳಬೇಡಿ. ಅವರ ಬಸ್ಸಾಗಿದ್ದರೆ ನಿಮ್ಮ ತೋಳು ಕೊಡಿ, ಅವರು ಬಾಗಿಲ ಕಂಬ ಹಿಡಿಯುವವರೆಗೆ ಇರಿ, ಇಳಿಯುವ ನಿಲ್ದಾಣ ಯಾವುದೆಂದು ನಿರ್ವಾಹಕರಿಗೆ ಹೇಳಿ.

ಮೊಬೈಲಿನ ಗದ್ದಲಕ್ಕೆ ನಿಯಮವೇ ಇದೆ. 2021ರ ನವೆಂಬರಿನಲ್ಲಿ ಹೈಕೋರ್ಟಿನ ಸೂಚನೆಯ ನಂತರ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಮೊಬೈಲಿನ ಜೋರು ಶಬ್ದವನ್ನು ನಿಷೇಧಿಸಿತು, ಹೇಳಿದರೂ ಕೇಳದವರನ್ನು ಕೆಳಗಿಳಿಸಬಹುದೆಂದೂ ತಿಳಿಸಿತು. ನಗರ ಬಸ್ಸಿನ ನೂಕುನುಗ್ಗಲಿನಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. "ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ, ತಲೆನೋವಿದೆ" ಎಂದರೆ ಹೆಚ್ಚಿನವರು ಕೇಳುತ್ತಾರೆ. ಕೇಳದವರ ಜೊತೆ ವಾದಕ್ಕೆ ಇಳಿಯದೆ ನಿರ್ವಾಹಕರಿಗೆ ತಿಳಿಸಿ.

ಚಿಲ್ಲರೆಯ ವಿಷಯದಲ್ಲಿ ನಾನು ಎರಡೂ ಕಡೆಯಲ್ಲಿ ನಿಂತವನು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 2025ರ ಜನವರಿ 5ರಿಂದ ದರ ಶೇ 15ರಷ್ಟು ಏರಿದಾಗ ಕನಿಷ್ಠ ದರ 5 ರೂಪಾಯಿಯಿಂದ 6 ರೂಪಾಯಿ ಆಯಿತು. ಅದಕ್ಕೆ ಮೊದಲು ದರಗಳು ಐದರ ಮಡಿಯಲ್ಲಿದ್ದವು, ಹತ್ತಿಪ್ಪತ್ತು ರೂಪಾಯಿಯ ನೋಟುಗಳಲ್ಲಿ ವ್ಯವಹಾರ ಮುಗಿಯುತ್ತಿತ್ತು. 6, 12, 18 ಎಂಬ ದರಗಳು ಬಂದಾಗ ಪ್ರತಿಯೊಬ್ಬರಿಗೂ ಒಂದೆರಡು ರೂಪಾಯಿ ಹಿಂದೆ ಕೊಡಬೇಕಾಯಿತು, ಅಷ್ಟು ನಾಣ್ಯ ಯಾವ ನಿರ್ವಾಹಕರ ಚೀಲದಲ್ಲೂ ಇರುವುದಿಲ್ಲ. ನಿರ್ವಾಹಕರ ಕೈಯನ್ನು ಒಮ್ಮೆ ಗಮನಿಸಿ ನೋಡಿ. ಎಡಗೈಯ ಬೆರಳುಗಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿದ ನೋಟುಗಳು, ಒಂದು ಸಂದಿಯಲ್ಲಿ ಹತ್ತರವು, ಇನ್ನೊಂದರಲ್ಲಿ ಇಪ್ಪತ್ತರವು. ಅದೇ ಕೈಯಲ್ಲಿ ಟಿಕೆಟ್ ಯಂತ್ರ, ಬಲಗೈ ಗುಂಡಿ ಒತ್ತಲು, ಬೆನ್ನು ಸೀಟಿಗೆ ಒರಗಿ ತೂಕ ಸರಿದೂಗಿಸಲು. ಮುಂದಿನ ಸ್ಟೇಜ್ ಬರುವ ಮೊದಲು ಹತ್ತಿದವರಿಗೆಲ್ಲ ಟಿಕೆಟ್ ಕೊಟ್ಟು ಮುಗಿಸಬೇಕು, ಒಬ್ಬರು ಬಿಟ್ಟುಹೋದರೂ ತಪಾಸಣೆಯವರ ಮುಂದೆ ಉತ್ತರ ಹೇಳಬೇಕಾದವರು ಅವರೇ. ಜನ ಹೆಚ್ಚಾದಾಗ ಟಿಕೆಟ್ ಕೊಡಲೆಂದೇ ಬಸ್ಸನ್ನು ಬದಿಗೆ ಹಾಕಿಸುವುದನ್ನು ನೀವು ನೋಡಿರಬಹುದು, ಅದರ ಹಿಂದಿನ ಕಾರಣ ಇದು.

ದಿನದ ಕೊನೆಗೆ ಯಂತ್ರ ತೋರಿಸಿದಷ್ಟು ಹಣವನ್ನು ಡಿಪೋದಲ್ಲಿ ಕಟ್ಟಬೇಕು, ಕಡಿಮೆ ಬಿದ್ದರೆ ಸ್ವಂತ ಜೇಬಿನಿಂದ. ನನ್ನ ಎರಡನೆಯ ವರ್ಷದಲ್ಲಿ ಒಂದು ಮಳೆಯ ಸಂಜೆ, ನೂರು ರೂಪಾಯಿ ಕೊಟ್ಟವರಿಗೆ ಐನೂರರ ಚಿಲ್ಲರೆ ಕೊಟ್ಟುಬಿಟ್ಟಿದ್ದೆ. ರಾತ್ರಿ ಹತ್ತೂವರೆಗೆ ಮೂರು ಸಲ ಎಣಿಸಿದರೂ ನಾನೂರು ರೂಪಾಯಿ ಕಡಿಮೆ ಬಿತ್ತು. ಆಗಿನ ನನ್ನ ಸಂಬಳದಲ್ಲಿ ಅದು ಸಣ್ಣ ಮೊತ್ತವಾಗಿರಲಿಲ್ಲ. ನಿರ್ವಾಹಕರು ಚಿಲ್ಲರೆ ಕೊಡುವಾಗ ತಡೆದು, ಎರಡು ಸಲ ನೋಡಿ ಕೊಡುವುದು ಇಂಥ ರಾತ್ರಿಗಳ ನೆನಪಿನಿಂದ.

ಆದರೆ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟು ಇಳಿಯುವಾಗ ಸಿಗದಂತೆ ಮಾಡುವುದನ್ನು ನಾನು ಸಮರ್ಥಿಸುವುದಿಲ್ಲ. ಒಂದು ರೂಪಾಯಿಯೂ ಪ್ರಯಾಣಿಕರದ್ದೇ. ಬಾಕಿ ಬರೆದುಕೊಟ್ಟಿದ್ದರೆ ಇಳಿಯುವ ನಿಲ್ದಾಣಕ್ಕೆ ಎರಡು ನಿಲ್ದಾಣ ಮೊದಲೇ ಟಿಕೆಟ್ ತೋರಿಸಿ ಕೇಳಿ. ಬಾಗಿಲಲ್ಲಿ ನಿಂತು ಕೇಳಿದರೆ ನಿಮ್ಮ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ, ನಿರ್ವಾಹಕರಿಗೂ ಹುಡುಕಲು ಸಮಯವಿರುವುದಿಲ್ಲ. ಯುಪಿಐ ಮೂಲಕ ಕೊಡುವುದಾದರೆ ಹತ್ತುವ ಮೊದಲೇ ಆ್ಯಪ್ ತೆರೆದಿಟ್ಟುಕೊಳ್ಳಿ, ಹಣ ಸಂದಾಯವಾದ ಪರದೆಯನ್ನು ನಿರ್ವಾಹಕರಿಗೆ ತೋರಿಸಿ. ಇದಕ್ಕಿಂತಲೂ ಉತ್ತಮವಾದದ್ದು ಪಾಸು. ಸಾಮಾನ್ಯ ಬಸ್ಸಿನ ತಿಂಗಳ ಪಾಸು 2025ರ ದರ ಏರಿಕೆಯಲ್ಲಿ 1,050 ರೂಪಾಯಿಯಿಂದ 1,200 ಆಯಿತು, ದಿನದ ಪಾಸು 70ರಿಂದ 80 ಆಯಿತು. ದಿನಕ್ಕೆ ಎರಡೇ ಸಲ ಓಡಾಡುವವರು ತಮ್ಮ ಟಿಕೆಟ್ ದರದೊಂದಿಗೆ ಇದನ್ನು ಹೋಲಿಸಿ ನೋಡಬೇಕು. ಬನಶಂಕರಿಯಿಂದ ಮಾರತ್ತಹಳ್ಳಿಯಷ್ಟು ದೂರಕ್ಕೆ, ಸಂಜೆ ಮಾರುಕಟ್ಟೆಗೋ ನೆಂಟರ ಮನೆಗೋ ಹೋಗುವ ಒಂದೆರಡು ಪ್ರಯಾಣ ಸೇರಿದರೆ, ಪಾಸು ತನ್ನ ಬೆಲೆ ಗಳಿಸಿಕೊಳ್ಳುತ್ತದೆ, ಚಿಲ್ಲರೆಯ ಮಾತೇ ಬರುವುದಿಲ್ಲ. ನಿಮ್ಮ ಕೈಯಲ್ಲಿ ಪಾಸು ಇದ್ದರೆ ನಿರ್ವಾಹಕರು ನಿಮಗೆಂದು ಕಳೆಯುವ ಅರ್ಧ ನಿಮಿಷ ಇನ್ನೊಬ್ಬರಿಗೆ ಸಿಗುತ್ತದೆ.

ನಿರ್ವಾಹಕರೋ ಚಾಲಕರೋ ನಿಜವಾಗಿ ತಪ್ಪಾಗಿ ನಡೆದುಕೊಂಡರೆ ದೂರು ಕೊಡಿ, ಹಿಂಜರಿಯಬೇಡಿ. ಆದರೆ "ದಪ್ಪಗಿದ್ದರು, ಮೀಸೆಯಿತ್ತು" ಎಂಬ ವರ್ಣನೆಯ ದೂರುಗಳಿಂದ ಏನೂ ಆಗುವುದಿಲ್ಲ. ಬಸ್ಸಿನ ಹಿಂದೆ ಮುಂದೆ ಬರೆದಿರುವ ಕೆಎ-57 ಎಫ್ ಮಾದರಿಯ ನೋಂದಣಿ ಸಂಖ್ಯೆ, ಮಾರ್ಗದ ಸಂಖ್ಯೆ, ನಿಲ್ದಾಣ, ಗಂಟೆ ನಿಮಿಷ, ಇವಿಷ್ಟನ್ನು ಬರೆಯಿರಿ, ಟಿಕೆಟ್ ಇದ್ದರೆ ಅದರ ಚಿತ್ರ ಕಳಿಸಿ. ಒಳ್ಳೆಯದಾಗಿ ನಡೆದುಕೊಂಡವರ ಬಗ್ಗೆಯೂ ಇದೇ ವಿವರಗಳೊಂದಿಗೆ ಒಂದು ಸಾಲು ಬರೆಯಿರಿ. ನನ್ನ ಇಪ್ಪತ್ತೆಂಟು ವರ್ಷದಲ್ಲಿ ಅಂಥ ಪತ್ರ ನನಗೆ ಬಂದದ್ದು ಒಂದೇ ಸಲ, ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಸ್ಕೂಟರ್ ಮತ್ತೆ ತೆಗೆಯಬೇಕೇ ಎಂಬುದಕ್ಕೆ ಈಗಲೇ ಉತ್ತರ ಹೇಳುವ ಬದಲು ಒಂದು ಪ್ರಯೋಗ ಸೂಚಿಸುತ್ತೇನೆ. ಎರಡು ವಾರ, ಮೊದಲ ವಾರ ನಿಮ್ಮ ಈಗಿನ ಹೊತ್ತಿಗೂ ಎರಡನೆಯ ವಾರ ಅದಕ್ಕಿಂತ ಇಪ್ಪತ್ತು ನಿಮಿಷ ಮುಂಚಿತವಾಗಿಯೂ ನಿಲ್ದಾಣಕ್ಕೆ ಹೋಗಿ. ಬನಶಂಕರಿಯಿಂದಲೇ ಹೊರಡುವ ಬಸ್ಸಾದರೆ, ರಸ್ತೆಬದಿಯ ನಿಲ್ದಾಣದಲ್ಲಿ ಕಾಯದೆ, ನಿಲ್ದಾಣದ ಒಳಗೆ ಅದು ನಿಲ್ಲುವ ಅಂಕಣದಲ್ಲೇ ಹತ್ತಿ. ನೀವು ನಿಲ್ದಾಣ ತಲುಪಿದ ಹೊತ್ತು, ಬಸ್ಸು ಬಂದ ಹೊತ್ತು, ಅದರ ಹಿಂದೆ ಎಷ್ಟು ನಿಮಿಷಕ್ಕೆ ಇನ್ನೊಂದು ಕಂಡಿತು, ಸಿಲ್ಕ್ ಬೋರ್ಡ್ ದಾಟಿದ ಹೊತ್ತು, ಮಾರತ್ತಹಳ್ಳಿಯಲ್ಲಿ ಇಳಿದ ಹೊತ್ತು, ಈ ಐದನ್ನು ದಿನವೂ ಒಂದು ಚೀಟಿಯಲ್ಲಿ ಬರೆದಿಡಿ. ಹತ್ತು ದಿನದ ಚೀಟಿಗಳಲ್ಲಿ ಬಸ್ಸುಗಳು ಎಲ್ಲಿ ಸೇರಿಕೊಳ್ಳುತ್ತಿವೆ, ಯಾವ ಹೊತ್ತಿನ ಬಸ್ಸಿಗೆ ಮುಂದೆ ಅಂತರವಿದೆ ಎಂಬುದು ಕಾಣತೊಡಗುತ್ತದೆ. ಆ ಚೀಟಿಗಳನ್ನು ನನಗೆ ಕಳಿಸಿಕೊಟ್ಟರೆ, ನೀವು ಹಿಡಿಯಬೇಕಾದ ಬಸ್ಸು ಯಾವುದೆಂದು ಅವುಗಳನ್ನು ನೋಡಿಯೇ ಬರೆಯುತ್ತೇನೆ.